ಅಪ್ಪಣೆ ಪಡೆದು ಬರೆಯುವುದು: 1908ರ ಮೈಸೂರು ಪತ್ರಿಕಾ ಕಾನೂನು ಕಲಿಸುವ ಪಾಠ



ವಾಕ್ ಸ್ವಾತಂತ್ರ್ಯ ಎಂಬ ಮಾತನ್ನು ನೀವು ಪೌರನೀತಿಯ ಪುಸ್ತಕದಲ್ಲಿ ಓದಿದ್ದೀರಿ. ಸಂವಿಧಾನದ 19ನೆಯ ವಿಧಿಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೀರಿ. ಆದರೆ ಆ ಸ್ವಾತಂತ್ರ್ಯ ಇಲ್ಲದಿದ್ದಾಗ ಏನಾಗುತ್ತಿತ್ತು, ಅದನ್ನು ಕಿತ್ತುಕೊಳ್ಳಲು ಸರ್ಕಾರಗಳು ಯಾವ ಯಾವ ಬಗೆಯ ಕಾನೂನುಗಳನ್ನು ಮಾಡಿದವು, ಆ ಬಗೆಗಳಲ್ಲಿ ಯಾವುದು ಹೆಚ್ಚು ಅಪಾಯಕಾರಿ ಎಂದು ಯೋಚಿಸಿದ್ದೀರಾ? ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಮಗ್ಗೆ ಎಂಬ ಹಳ್ಳಿಯಲ್ಲಿ ಹುಟ್ಟಿದ ಒಬ್ಬ ಮೇಷ್ಟರ ಜೀವನವನ್ನು ನೋಡಿದರೆ ಸಾಕು. ಅವರ ಹೆಸರು ಎಂ. ವೆಂಕಟಕೃಷ್ಣಯ್ಯ. ಮೈಸೂರಿನ ಜನ ಅವರನ್ನು ಪ್ರೀತಿಯಿಂದ ತಾತಯ್ಯ ಎಂದು ಕರೆದರು.

ತಾತಯ್ಯನವರ ಕಥೆಗೆ ಬರುವ ಮುನ್ನ ಅವರ ಬದುಕಿನ ಒಂದು ವರ್ಷವನ್ನು ಗುರುತು ಹಾಕಿಕೊಳ್ಳೋಣ. ಅದು 1908. ಆ ಒಂದೇ ವರ್ಷದಲ್ಲಿ ಲಂಡನ್, ಮುಂಬಯಿ ಮತ್ತು ಮೈಸೂರು ಎಂಬ ಮೂರು ನಗರಗಳಲ್ಲಿ ಸರ್ಕಾರಗಳು ಅಚ್ಚಾದ ಅಕ್ಷರದ ಮೇಲೆ ಕೈ ಮಾಡಿದವು. ಮೂರೂ ಕಡೆ ಮೇಲಿದ್ದುದು ಒಂದೇ ಬ್ರಿಟಿಷ್ ಸಾಮ್ರಾಜ್ಯ. ಆದರೆ ಮೂರು ಕಡೆಯ ರೀತಿ ಬೇರೆ ಬೇರೆ.

ಒಂದು ವರ್ಷ, ಮೂರು ನಗರ

ಮೊದಲು ಲಂಡನ್. ಮಹಿಳೆಯರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡುತ್ತಿದ್ದ ಎಮ್ಮೆಲೈನ್ ಪ್ಯಾಂಕ್‌ಹರ್ಸ್ಟ್, ಅವರ ಮಗಳು ಕ್ರಿಸ್ಟಾಬೆಲ್ ಮತ್ತು ಫ್ಲೋರಾ ಡ್ರಮಂಡ್ ಅವರನ್ನು 1908ರ ಅಕ್ಟೋಬರ್‌ನಲ್ಲಿ ಬಂಧಿಸಲಾಯಿತು. ಅಪರಾಧವೇನು? ಪಾರ್ಲಿಮೆಂಟಿನ ಕೆಳಮನೆಗೆ ನುಗ್ಗಲು ನೆರವಾಗಿ ಎಂದು ಜನರನ್ನು ಕರೆದ ಒಂದು ಕರಪತ್ರ. ಜ್ಯೂರಿಯ ಮುಂದೆ ವಿಚಾರಣೆ ಆಗಲಿ ಎಂದು ಅವರು ಕೇಳಿದರು, ಅದು ಸಿಗಲಿಲ್ಲ. ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲೇ ವಿಚಾರಣೆ ನಡೆಯಿತು. ಆದರೆ ಆ ಕೋರ್ಟಿನಲ್ಲಿ ಒಂದು ವಿಶೇಷ ನಡೆಯಿತು. ಕಾನೂನು ಪದವೀಧರೆಯಾಗಿದ್ದ ಕ್ರಿಸ್ಟಾಬೆಲ್, ಇಬ್ಬರು ಮಂತ್ರಿಗಳನ್ನೇ ಸಾಕ್ಷಿಗಳಾಗಿ ಕರೆಸಿದಳು. ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ಮತ್ತು ಗೃಹಮಂತ್ರಿ ಹರ್ಬರ್ಟ್ ಗ್ಲಾಡ್‌ಸ್ಟನ್ ಕಟಕಟೆಯಲ್ಲಿ ನಿಂತು ಆಕೆಯ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಯಿತು. ಕೊನೆಗೆ ಮೂವರಿಗೂ ಸೆರೆಮನೆ ತಪ್ಪಲಿಲ್ಲ. ಆದರೆ ಮಂತ್ರಿಗಳು ತಡವರಿಸಿದ್ದನ್ನು ಮರುದಿನ ಇಡೀ ದೇಶ ಪತ್ರಿಕೆಗಳಲ್ಲಿ ಓದಿತು.

ಇನ್ನು ಮುಂಬಯಿ. 1908ರ ಏಪ್ರಿಲ್ 30ರಂದು ಬಿಹಾರದ ಮುಜಫರ್‌ಪುರದಲ್ಲಿ ಕ್ರಾಂತಿಕಾರಿಗಳು ಎಸೆದ ಬಾಂಬಿಗೆ ಇಬ್ಬರು ಇಂಗ್ಲಿಷ್ ಮಹಿಳೆಯರು ಸತ್ತರು. ಇಂಥ ಕೃತ್ಯಕ್ಕೆ ಸರ್ಕಾರದ ದಬ್ಬಾಳಿಕೆಯೇ ಕಾರಣ ಎಂಬರ್ಥದ ಲೇಖನಗಳನ್ನು ಬಾಲಗಂಗಾಧರ ತಿಲಕರು ತಮ್ಮ 'ಕೇಸರಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ರಾಜದ್ರೋಹದ ಮೊಕದ್ದಮೆ ಹೂಡಲಾಯಿತು. ತಿಲಕರು ತಾವೇ ವಾದಿಸಿದರು. ಜ್ಯೂರಿಯನ್ನು ಉದ್ದೇಶಿಸಿ ಹಲವು ದಿನಗಳಲ್ಲಿ ಒಟ್ಟು 21 ಗಂಟೆಗಳಿಗೂ ಹೆಚ್ಚು ಕಾಲ ಮಾತನಾಡಿದರು. 9 ಮಂದಿಯ ಜ್ಯೂರಿ 7ಕ್ಕೆ 2ರಂತೆ ಒಡೆಯಿತು. ಅಪರಾಧಿ ಎಂದ 7 ಮಂದಿ ಯೂರೋಪಿಯನ್ನರು. ಅಲ್ಲ ಎಂದ ಇಬ್ಬರು ಭಾರತೀಯರು. ಜುಲೈ 22ರಂದು 6 ವರ್ಷಗಳ ಶಿಕ್ಷೆಯಾಗಿ ತಿಲಕರು ಮಂಡಾಲೆಗೆ ಹೋದರು. ಮುಂಬಯಿಯ ಗಿರಣಿ ಕಾರ್ಮಿಕರು 6 ದಿನ ಮುಷ್ಕರ ಹೂಡಿದರು. ಶಿಕ್ಷೆ ಕ್ರೂರವಾದದ್ದು, ನ್ಯಾಯವೂ ಒಂದು ಕಡೆಗೆ ವಾಲಿದ್ದುದು. ಆದರೂ ಆ 21 ಗಂಟೆಗಳ ಮಾತು ಉಳಿಯಿತು. ಅಚ್ಚಾಯಿತು, ಮನೆ ಮನೆ ತಲುಪಿತು.

ಮೂರನೆಯದು ಮೈಸೂರು. ಇಲ್ಲಿ ಯಾರನ್ನೂ ಕಟಕಟೆ ಹತ್ತಿಸಲಿಲ್ಲ. ಯಾರ ಮೇಲೂ ಜ್ಯೂರಿ ಕೂರಲಿಲ್ಲ. ದಿವಾನ್ ವಿ.ಪಿ. ಮಾಧವರಾಯರ ಸರ್ಕಾರ ವೃತ್ತಪತ್ರಿಕೆಗಳ ರೆಗ್ಯುಲೇಷನ್ ಎಂಬ ಒಂದು ಕಾನೂನನ್ನು ಮಾಡಿತು. ಅದರ ತಿರುಳು ಬಹಳ ಸರಳ. ಸಂಸ್ಥಾನದಲ್ಲಿ ಪತ್ರಿಕೆ ನಡೆಸುವವರು ಮೊದಲು ಸರ್ಕಾರದ ಅಪ್ಪಣೆ ಪಡೆಯಬೇಕು. ಕೊಟ್ಟ ಅಪ್ಪಣೆಯನ್ನು ಸರ್ಕಾರ ಹಿಂದಕ್ಕೆ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡದ್ದು ಸರಿಯೇ ತಪ್ಪೇ ಎಂದು ಕೋರ್ಟುಗಳು ಕೇಳುವಂತಿಲ್ಲ.

ಈ ಮೂರರಲ್ಲಿ ಅತಿ ಕಠಿಣವಾದ ಶಿಕ್ಷೆ ತಿಲಕರದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅತಿ ಕೆಟ್ಟ ಕಾನೂನು ಯಾವುದು? ನನ್ನ ಉತ್ತರ, ಮೈಸೂರಿನದು. ಲಂಡನ್ನಿನಲ್ಲಿ, ಮುಂಬಯಿಯಲ್ಲಿ ಸರ್ಕಾರ ತಾನು ಹೇಳಿದ್ದನ್ನು ಬಹಿರಂಗವಾಗಿ ಸಾಧಿಸಿ ತೋರಿಸಬೇಕಿತ್ತು. ಮೈಸೂರಿನಲ್ಲಿ ಸಾಧಿಸಬೇಕಾದ್ದೇ ಇರಲಿಲ್ಲ. ಒಂದು ಆಜ್ಞೆ ಸಾಕಿತ್ತು. ಏಕೆ ಹೀಗೆ ಹೇಳುತ್ತೇನೆ ಎಂಬುದನ್ನು ತಿಳಿಯಲು ಈ ಅಪ್ಪಣೆಯ ಪದ್ಧತಿ ಎಲ್ಲಿಂದ ಬಂತು ಎಂದು ನೋಡಬೇಕು.

ಇಂಗ್ಲೆಂಡ್ ಬಿಟ್ಟದ್ದು, ಭಾರತಕ್ಕೆ ಬಂದದ್ದು

ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಸರ್ಕಾರದ ಪರವಾನಗಿ ಇಲ್ಲದೆ ಪುಸ್ತಕವನ್ನು ಅಚ್ಚು ಹಾಕುವಂತಿರಲಿಲ್ಲ. ಕವಿ ಜಾನ್ ಮಿಲ್ಟನ್ 1644ರಲ್ಲಿ ಈ ಪದ್ಧತಿಯ ವಿರುದ್ಧ 'ಏರಿಯೋಪಜಿಟಿಕಾ' ಎಂಬ ಪ್ರಬಂಧವನ್ನು ಬರೆದ. 1695ರಲ್ಲಿ ಪರವಾನಗಿಯ ಕಾನೂನಿನ ಅವಧಿ ಮುಗಿಯಿತು. ಪಾರ್ಲಿಮೆಂಟು ಅದನ್ನು ಮುಂದುವರಿಸಲಿಲ್ಲ. ಅಲ್ಲಿಂದ ಮುಂದೆ ಇಂಗ್ಲಿಷರ ನಿಯಮ ಇದು: ಮೊದಲು ಅಚ್ಚು ಹಾಕು, ತಪ್ಪಿದ್ದರೆ ಆಮೇಲೆ ಕೋರ್ಟಿನಲ್ಲಿ ಉತ್ತರ ಹೇಳು.

ಇದರಿಂದ ಅಲ್ಲಿನ ಪತ್ರಕರ್ತರಿಗೆ ಸುಖವಾಯಿತು ಎಂದು ತಿಳಿಯಬೇಡಿ. 1763ರಲ್ಲಿ ಜಾನ್ ವಿಲ್ಕ್ಸ್ ತನ್ನ ಪತ್ರಿಕೆಯ 45ನೆಯ ಸಂಚಿಕೆಯಲ್ಲಿ ದೊರೆಯ ಭಾಷಣವನ್ನು ಟೀಕಿಸಿದಾಗ, ಹೆಸರೇ ಬರೆಯದ ವಾರಂಟ್ ಹಿಡಿದು ಪತ್ರಿಕೆಗೆ ಸಂಬಂಧಪಟ್ಟ ಹತ್ತಾರು ಮಂದಿಯನ್ನು ಹಿಡಿದು ತಂದರು. ವಿಲ್ಕ್ಸ್ ಕೋರ್ಟಿಗೆ ಹೋದ. ಹೆಸರಿಲ್ಲದ ವಾರಂಟ್ ಕಾನೂನಿಗೆ ವಿರುದ್ಧ ಎಂದು ಕೋರ್ಟು ಹೇಳಿತು. ಪತ್ರಿಕೆಗಳ ಮೇಲಿದ್ದ ಸ್ಟಾಂಪು ತೆರಿಗೆ ಹೋದದ್ದು 1855ರಲ್ಲಿ, ಕಾಗದದ ಸುಂಕ ಹೋದದ್ದು 1861ರಲ್ಲಿ. ಹೀಗೆ ಒಂದೊಂದೇ ಮೆಟ್ಟಿಲು, ಒಂದೊಂದು ಮೆಟ್ಟಿಲಿಗೂ ಯಾರಾದರೊಬ್ಬರ ಸೆರೆವಾಸ.

ಆದರೆ ಸ್ವಂತ ದೇಶದಲ್ಲಿ ಬಿಟ್ಟ ಪದ್ಧತಿಯನ್ನು ಇಂಗ್ಲಿಷರು ಭಾರತದಲ್ಲಿ ಎತ್ತಿಕೊಂಡರು. ಇದಕ್ಕೂ ನಮ್ಮ ನಾಡಿಗೂ ಒಂದು ನಂಟಿದೆ. ಟಿಪ್ಪು ಸುಲ್ತಾನನ ಮೇಲಿನ ಕೊನೆಯ ಯುದ್ಧದ ಹೊತ್ತಿನಲ್ಲಿ, ಶ್ರೀರಂಗಪಟ್ಟಣ ಬಿದ್ದ 1799ರ ಮೇ ತಿಂಗಳಲ್ಲೇ, ಗವರ್ನರ್ ಜನರಲ್ ವೆಲ್ಲೆಸ್ಲಿ ಕಲ್ಕತ್ತೆಯ ಪತ್ರಿಕೆಗಳಿಗೆ ಸೆನ್ಸಾರ್ ವಿಧಿಸಿದ. ಪ್ರತಿ ಪತ್ರಿಕೆಯೂ ಅಚ್ಚಿಗೆ ಮುಂಚೆ ಸರ್ಕಾರದ ಕಾರ್ಯದರ್ಶಿಯ ಕಣ್ಣಿಗೆ ಬೀಳಬೇಕು. ತಪ್ಪಿದರೆ ಸಂಪಾದಕನನ್ನು ಹಡಗು ಹತ್ತಿಸಿ ಯೂರೋಪಿಗೆ ಕಳಿಸುವುದು. ಯುದ್ಧಕಾಲಕ್ಕೆಂದು ಬಂದ ಈ ಸೆನ್ಸಾರ್ ಯುದ್ಧ ಮುಗಿದು 19 ವರ್ಷಗಳವರೆಗೂ ಉಳಿಯಿತು.

1823ರಲ್ಲಿ ಹಂಗಾಮಿ ಗವರ್ನರ್ ಜನರಲ್ ಜಾನ್ ಆಡಮ್ ಪತ್ರಿಕೆಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿದ. ರಾಜಾ ರಾಮಮೋಹನ ರಾಯರು ಇದನ್ನು ಪ್ರತಿಭಟಿಸಿ, ಮನವಿ ಸಲ್ಲಿಸಿ, ಫಲ ಕಾಣದೆ ತಮ್ಮ ಪಾರ್ಸಿ ಭಾಷೆಯ ಪತ್ರಿಕೆ 'ಮಿರಾತ್-ಉಲ್-ಅಖ್ಬಾರ್' ಅನ್ನು ತಾವೇ ನಿಲ್ಲಿಸಿದರು. ಅಪ್ಪಣೆ ಬೇಡಿ ಬರೆಯುವುದಕ್ಕಿಂತ ಬರೆಯದಿರುವುದೇ ಮೇಲು ಎಂಬುದು ಆ ನಡೆಯ ಅರ್ಥ. 1835ರಲ್ಲಿ ಮೆಟ್ಕಾಫ್ ಆ ಲೈಸೆನ್ಸನ್ನು ತೆಗೆದುಹಾಕಿದ. 1857ರ ದಂಗೆಯಲ್ಲಿ ಅದು ಒಂದು ವರ್ಷ ಮರಳಿತು. 1878ರಲ್ಲಿ ಲಿಟನ್ ದೇಶೀಯ ಭಾಷೆಗಳ ಪತ್ರಿಕೆಗಳಿಗೆ ಮಾತ್ರ ಅನ್ವಯಿಸುವ ಕಾನೂನು ತಂದ. ರಿಪನ್ನನ ಕಾಲದಲ್ಲಿ ಅದು ರದ್ದಾಯಿತು.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಸ್ವಾತಂತ್ರ್ಯವನ್ನು ಕುರಿತು 1859ರಲ್ಲಿ ಜಗತ್ಪ್ರಸಿದ್ಧ ಗ್ರಂಥ ಬರೆದ ಜಾನ್ ಸ್ಟುಅರ್ಟ್ ಮಿಲ್, 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯ ನೌಕರ. ತನ್ನ ತತ್ವ ಹಿಂದುಳಿದ ಸಮಾಜಗಳಿಗೆ ಅನ್ವಯಿಸದು ಎಂದು ಆತನೇ ಆ ಗ್ರಂಥದಲ್ಲಿ ಹೇಳಿದ್ದಾನೆ. ಮಿಲ್‌ನ ಶಿಷ್ಯನೂ, ಹಿಂದೆ ಲಂಡನ್ನಿನ ದಿನಪತ್ರಿಕೆಯೊಂದರ ಸಂಪಾದಕನೂ ಆಗಿದ್ದ ಜಾನ್ ಮಾರ್ಲೆ 1908ರಲ್ಲಿ ಭಾರತ ವ್ಯವಹಾರಗಳ ಮಂತ್ರಿ. ಕೆನಡಾದ ಚಳಿಗೆ ಹೊಲಿದ ತುಪ್ಪಳದ ಕೋಟು ದಖ್ಖನಿನ ಸೆಕೆಗೆ ಒಗ್ಗದು ಎಂಬ ಹೋಲಿಕೆಯಿಂದ ಆತ ಭಾರತಕ್ಕೆ ಪ್ರಾತಿನಿಧಿಕ ಸರ್ಕಾರವನ್ನು ನಿರಾಕರಿಸಿದ. ತಿಲಕರ ಮೇಲಿನ ಮೊಕದ್ದಮೆ ಆತನಿಗೆ ಹಿಡಿಸಲಿಲ್ಲ. ಆದರೂ 1908ರ ಜೂನ್‌ನಲ್ಲಿ ಬ್ರಿಟಿಷ್ ಇಂಡಿಯಾದ ಹೊಸ ಪತ್ರಿಕಾ ಕಾನೂನು ಜಾರಿಗೆ ಬಂದದ್ದು ಆತನ ಅಧಿಕಾರದ ಕೆಳಗೇ. ಒಳ್ಳೆಯ ತತ್ವವನ್ನು ನಂಬಿದವರೂ ಅದನ್ನು ತಮ್ಮ ಆಳಿಕೆಯ ಜನರಿಗೆ ಕೊಡಲು ಹಿಂಜರಿಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಮಗ್ಗೆಯಿಂದ ಬಂದ ಮೇಷ್ಟರು

ಈಗ ಮೈಸೂರಿಗೆ ಬರೋಣ. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರ ಮನೆತನಕ್ಕೆ ಮರಳಿಸಿದರು. ಅದೇ ವರ್ಷದ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಮೊದಲ ಸಭೆಗೆ ಬಂದವರು 144 ಮಂದಿ. ತಾಲ್ಲೂಕು ತಾಲ್ಲೂಕುಗಳಿಂದ ಜಮೀನುದಾರರೂ ವರ್ತಕರೂ ಬಂದು ದಿವಾನರ ವರದಿಯನ್ನು ಕೇಳಿ, ತಮ್ಮ ಕಡೆಯ ಕಷ್ಟಗಳನ್ನು ಅರಿಕೆ ಮಾಡಿಕೊಳ್ಳಬಹುದಿತ್ತು. ಆದರೆ ಸಭೆಗೆ ಮತ ಹಾಕಿ ತೀರ್ಮಾನಿಸುವ ಅಧಿಕಾರ ಇರಲಿಲ್ಲ. ಭಾರತದ ಸಂಸ್ಥಾನಗಳಲ್ಲಿ ಇಂಥದು ಆಗ ಬೇರೆಲ್ಲೂ ಇರಲಿಲ್ಲ ಎಂಬುದೂ ನಿಜ.

ಸಭೆ ಸೇರುತ್ತಿದ್ದುದು ವರ್ಷಕ್ಕೊಮ್ಮೆ. ಹೆಗ್ಗಡದೇವನಕೋಟೆಯ ಕಾಡಂಚಿನ ರೈತನ ರಾಗಿ ಹೊಲವನ್ನು ಆನೆ ತುಳಿಯಿತು ಎನ್ನಿ. ಯಡತೊರೆಯ ಕಡೆ ನಾಲೆಯ ನೀರಿನ ಜಗಳ ಎದ್ದಿತು ಎನ್ನಿ. ಅಮಲ್ದಾರರು ಕೇಳದಿದ್ದರೆ ಮುಂದಿನ ದಸರೆಯವರೆಗೆ ಕಾಯಬೇಕು. ಆ ನಡುವಿನ ದಿನಗಳಲ್ಲಿ ಜನರ ದೂರು ದಿವಾನರ ಕಿವಿಗೆ ಬೀಳಬೇಕಾದರೆ ಉಳಿದ ದಾರಿ ಒಂದೇ. ಅದು ವಾರವಾರ ಬರುವ ಪತ್ರಿಕೆ.

ಆ ದಾರಿಯನ್ನು ಹಾಕಿದವರಲ್ಲಿ ಮುಖ್ಯರು ತಾತಯ್ಯನವರು. 1844ರಲ್ಲಿ ಮಗ್ಗೆಯಲ್ಲಿ ಹುಟ್ಟಿದ ಅವರು ಕಷ್ಟದಲ್ಲಿ ಓದಿ ಮೇಲೆ ಬಂದರು. ಮೈಸೂರಿನ ಮರಿಮಲ್ಲಪ್ಪ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ಬಹುಕಾಲ ದುಡಿದರು. ಬಡ ಮಕ್ಕಳಿಗಾಗಿ ಅನಾಥಾಲಯ ಕಟ್ಟಿದರು. ಕನ್ನಡದಲ್ಲಿ 'ವೃತ್ತಾಂತ ಚಿಂತಾಮಣಿ', ಇಂಗ್ಲಿಷಿನಲ್ಲಿ 'ಮೈಸೂರು ಹೆರಾಲ್ಡ್' ಮುಂತಾಗಿ ಹಲವು ಪತ್ರಿಕೆಗಳನ್ನು ನಡೆಸಿದರು. ಮೇಷ್ಟರು ತರಗತಿಯಲ್ಲಿ ಹುಡುಗರ ಉತ್ತರ ತಿದ್ದುವಂತೆ ಸರ್ಕಾರದ ಲೆಕ್ಕವನ್ನೂ ತಿದ್ದಿದರು ಎನ್ನಬಹುದು. ಅವರು ರಾಜದ್ರೋಹಿಯಲ್ಲ. ಮಹಾರಾಜರಲ್ಲಿ ಅವರಿಗೆ ಭಕ್ತಿಯಿತ್ತು. ಅರಮನೆಗೂ ಅವರಲ್ಲಿ ಗೌರವವಿತ್ತು. ಅವರ ಟೀಕೆ ದಿವಾನರ ಆಡಳಿತದ ಮೇಲೆ, ಅಧಿಕಾರಿಗಳ ನಡತೆಯ ಮೇಲೆ.

1908ರ ಕಾನೂನು ಬಂದಾಗ ಅವರಿಗೆ ಅರುವತ್ತನಾಲ್ಕು ವರ್ಷ. ಅಪ್ಪಣೆ ಕೇಳಿದ್ದರೆ ಬಹುಶಃ ಸಿಗುತ್ತಿತ್ತು. ಅವರು ಕೇಳಲಿಲ್ಲ. 'ವೃತ್ತಾಂತ ಚಿಂತಾಮಣಿ'ಯನ್ನೂ 'ಮೈಸೂರು ಹೆರಾಲ್ಡ್' ಅನ್ನೂ ನಿಲ್ಲಿಸಿದರು. ರಾಮಮೋಹನ ರಾಯರು ಕಲ್ಕತ್ತೆಯಲ್ಲಿ ಮಾಡಿದ್ದನ್ನೇ 85 ವರ್ಷಗಳ ನಂತರ ಹೆಗ್ಗಡದೇವನಕೋಟೆಯ ಮೇಷ್ಟರು ಮೈಸೂರಿನಲ್ಲಿ ಮಾಡಿದರು. ಸಂಸ್ಥಾನದ ಇನ್ನೂ ಕೆಲವು ಪತ್ರಿಕೆಗಳು ಅದೇ ಹಾದಿ ಹಿಡಿದವು. ಆಗಿನ್ನೂ ಇಪ್ಪತ್ತೊಂದರ ತರುಣ ಡಿ.ವಿ. ಗುಂಡಪ್ಪನವರು ಪತ್ರಿಕಾವೃತ್ತಿಗೆ ಕಾಲಿಟ್ಟದ್ದು ಈ ಬಿರುಗಾಳಿಯ ನಡುವೆ. ಪತ್ರಿಕೆಯ ಸ್ವಾತಂತ್ರ್ಯ ಅವರಿಗೆ ಜೀವನದುದ್ದಕ್ಕೂ ಕಾಳಜಿಯ ವಿಷಯವಾಗಿ ಉಳಿಯಿತು.

ಸರ್ಕಾರದ ವಾದವೇನು?

ಇತಿಹಾಸ ಓದುವವರು ಎರಡು ಪಕ್ಷದ ಮಾತನ್ನೂ ಕೇಳಬೇಕು. ಇಂಥ ಕಾನೂನನ್ನು ಸಮರ್ಥಿಸುವವರು ಹೇಳಬಹುದಾದದ್ದು ಕಡಿಮೆಯೇನಲ್ಲ. 1905ರ ಬಂಗಾಳ ವಿಭಜನೆಯ ನಂತರ ದೇಶ ಕಾದಿತ್ತು, ಬಾಂಬುಗಳು ಸಿಡಿಯುತ್ತಿದ್ದವು. ಸಂಸ್ಥಾನಕ್ಕೆ ರಾಜ್ಯ ಮರಳಿ ಬಂದು ಇನ್ನೂ 27 ವರ್ಷ. ಬ್ರಿಟಿಷರಿಗೆ ಅಸಮಾಧಾನವಾದರೆ ಅದು ಮತ್ತೆ ಕೈ ತಪ್ಪಬಹುದೆಂಬ ಅಳುಕು ಇದ್ದೇ ಇತ್ತು. ಪತ್ರಿಕೆಗಳಲ್ಲಿ ಹೊಣೆಗೇಡಿ ಬರಹ, ವೈಯಕ್ತಿಕ ನಿಂದೆ ಇರಲಿಲ್ಲವೇ? ಇತ್ತು. ಆಡಳಿತವೂ ಕೆಟ್ಟದ್ದಾಗಿರಲಿಲ್ಲ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು. ಅವರ ಆಳ್ವಿಕೆಯಲ್ಲಿ 1902ರಲ್ಲೇ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿತು, 1916ರಲ್ಲಿ ವಿಶ್ವವಿದ್ಯಾನಿಲಯ ಬಂತು. ಮುಂದೆ ಯಡತೊರೆಯ ಪಕ್ಕದಲ್ಲಿ ಎದ್ದ ಹೊಸ ಪಟ್ಟಣಕ್ಕೆ ಜನ ಕೃಷ್ಣರಾಜನಗರ ಎಂದು ಹೆಸರಿಟ್ಟುಕೊಂಡರು. ಇಂಥ ಒಳ್ಳೆಯ ಆಡಳಿತಕ್ಕೆ ಟೀಕೆ ಏಕೆ ಎಂದು ಯಾರಾದರೂ ಕೇಳಬಹುದು.

ಇದಕ್ಕೆ ಉತ್ತರವನ್ನು ನಿಮ್ಮ ವಿಜ್ಞಾನದ ಪ್ರಯೋಗಶಾಲೆಯಿಂದಲೇ ಕೊಡುತ್ತೇನೆ. ಒಂದು ಪ್ರಯೋಗದಲ್ಲಿ ಹತ್ತು ಬಾರಿ ಅಳತೆ ತೆಗೆಯುತ್ತೀರಿ. ಪುಸ್ತಕದ ಉತ್ತರಕ್ಕೆ ಹೊಂದುವ ಅಳತೆಗಳನ್ನು ಮಾತ್ರ ಬರೆದುಕೊಳ್ಳಿ, ಉಳಿದವನ್ನು ಬಿಡಿ ಎಂದು ಯಾರಾದರೂ ಹೇಳಿದರೆ ಆ ಪ್ರಯೋಗದ ಬೆಲೆಯೇನು? ಉತ್ತರ ಸರಿಯಾಗಿಯೇ ಇರಬಹುದು. ಆದರೆ ಅದು ಸರಿ ಎಂದು ತಿಳಿಯುವ ದಾರಿ ಮುಚ್ಚಿಹೋಯಿತು. ಅಪ್ಪಣೆ ಪಡೆದ ಪತ್ರಿಕೆಯೂ ಹಾಗೆಯೇ. ಅದು ಸರ್ಕಾರವನ್ನು ಹೊಗಳಿದರೆ ಯಾರೂ ನಂಬುವುದಿಲ್ಲ. ಒಳ್ಳೆಯ ಆಡಳಿತಕ್ಕೆ ತಾನು ಒಳ್ಳೆಯದೆಂಬುದಕ್ಕೆ ಇದ್ದ ಸಾಕ್ಷಿಯೇ ಹೋಗುತ್ತದೆ.

ಇನ್ನೂ ಒಂದು ಹಾನಿ ಕಣ್ಣಿಗೆ ಬೀಳುವುದಿಲ್ಲ. ಶಿಕ್ಷೆಯ ಕಾನೂನು ತಪ್ಪು ಮಾಡಿದವನನ್ನು ಹಿಡಿಯುತ್ತದೆ. ಅಪ್ಪಣೆಯ ಕಾನೂನು ಇನ್ನೂ ಏನನ್ನೂ ಬರೆಯದವನನ್ನು ಹಿಡಿಯುತ್ತದೆ. ಯಾವ ವಾಕ್ಯ ದಿವಾನರಿಗೆ ಹಿಡಿಸದೋ ಎಂದು ಸಂಪಾದಕ ತಾನೇ ಹೊಡೆದು ಹಾಕುತ್ತಾನೆ. ಸರ್ಕಾರ ಎಷ್ಟು ಪತ್ರಿಕೆಗಳ ಅಪ್ಪಣೆ ಹಿಂತೆಗೆದುಕೊಂಡಿತು ಎಂದು ಲೆಕ್ಕ ಹಾಕಬಹುದು. ಬರೆಯದೇ ಹೋದ ವಾಕ್ಯಗಳನ್ನು ಲೆಕ್ಕ ಹಾಕುವುದು ಹೇಗೆ?

ಪಿರಿಯಾಪಟ್ಟಣದ ಓದುಗರಿಗೆ ಇನ್ನೊಂದು ಸಂಗತಿ ಸ್ವಾರಸ್ಯವೆನಿಸೀತು. ಪಿರಿಯಾಪಟ್ಟಣದಿಂದ ಪಶ್ಚಿಮಕ್ಕೆ ಹೋಗಿ ಕುಶಾಲನಗರದ ಬಳಿ ಕಾವೇರಿ ದಾಟಿದರೆ ಕೊಡಗು. ಅದು 1834ರಿಂದ ಬ್ರಿಟಿಷರ ನೇರ ಆಳ್ವಿಕೆಯಲ್ಲಿತ್ತು. ಬ್ರಿಟಿಷ್ ಇಂಡಿಯಾಕ್ಕೆ 1910ರಲ್ಲಿ ಬಂದ ಪತ್ರಿಕಾ ಕಾನೂನು ಕಠಿಣವೇ. ಅಚ್ಚುಕೂಟದವರು ಜಾಮೀನು ಹಣ ಇಡಬೇಕು, ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಆದರೆ ಆ ಕಾನೂನಿನಲ್ಲೂ ಹೈಕೋರ್ಟಿಗೆ ಮೇಲ್ಮನವಿಯ ದಾರಿ ಒಂದಿಷ್ಟು ತೆರೆದಿತ್ತು. 1922ರಲ್ಲಿ ಆ ಕಾನೂನೇ ರದ್ದಾಯಿತು. ಹೊಳೆಯ ಆಚೆ ದಡದಲ್ಲಿ ಪರಕೀಯರ ಆಡಳಿತ, ಈಚೆ ದಡದಲ್ಲಿ ನಮ್ಮವರ ಆಡಳಿತ. ಆದರೂ ಸರ್ಕಾರದ ಆಜ್ಞೆಯನ್ನು ಪ್ರಶ್ನಿಸುವ ಬಾಗಿಲು ಇದ್ದದ್ದು ಆಚೆ ದಡದಲ್ಲಿ. ಆಳುವವರು ನಮ್ಮವರು ಎಂದ ಮಾತ್ರಕ್ಕೆ ಸ್ವಾತಂತ್ರ್ಯ ತಾನಾಗಿ ಬರುವುದಿಲ್ಲ.

ಬಾವುಟವೂ ಒಂದು ಮಾತು

ಅಪ್ಪಣೆಯ ಈ ಅಭ್ಯಾಸ ಪತ್ರಿಕೆಗಳಿಗೇ ನಿಲ್ಲಲಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ. ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ; ಅಂದಿಗೆ ಶಿವಪುರವೂ ಮೈಸೂರು ಜಿಲ್ಲೆಯ ಊರೇ. ತ್ರಿವರ್ಣ ಧ್ವಜ ಹಾರಿಸಬಾರದೆಂದು ಸರ್ಕಾರ ನಿಷೇಧಾಜ್ಞೆ ಹೊರಡಿಸಿತು. ಟಿ. ಸಿದ್ಧಲಿಂಗಯ್ಯ, ಎಂ.ಎನ್. ಜೋಯಿಸ್ ಮೊದಲಾದವರು ಆಜ್ಞೆ ಮುರಿದು ಬಂಧನಕ್ಕೊಳಗಾದರು. ಸಾವಿರಾರು ರೈತರು ಸೇರಿದ್ದರು. ಎರಡು ವಾರ ಕಳೆದು ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಇದೇ ಬಾವುಟದ ಸಲುವಾಗಿ ಸೇರಿದ ಜನರ ಮೇಲೆ ಗುಂಡು ಹಾರಿತು, ಹಲವರು ಸತ್ತರು. ಗಾಂಧೀಜಿ ಸರ್ದಾರ್ ಪಟೇಲರನ್ನೂ ಕೃಪಲಾನಿಯವರನ್ನೂ ಕಳಿಸಿದರು. ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್‌ರೊಂದಿಗೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜಕ್ಕೂ ಜಾಗ ಸಿಕ್ಕಿತು.

ಒಂದು ಬಟ್ಟೆಯ ತುಂಡಿಗೆ ಇಷ್ಟು ಜೀವಗಳೇ ಎಂದು ಕೇಳಬೇಡಿ. ಓದಲು ಬಾರದ ರೈತನಿಗೆ ಬಾವುಟವೇ ಪತ್ರಿಕೆ. ಅವನು ಹೇಳಬೇಕೆಂದಿದ್ದ ಮಾತು ಅದರಲ್ಲಿತ್ತು. 1947ರಲ್ಲಿ ದೇಶ ಸ್ವತಂತ್ರವಾದ ಮೇಲೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬರಲು 'ಮೈಸೂರು ಚಲೋ' ಚಳವಳಿ ಬೇಕಾಯಿತು. ಆ ಸೆಪ್ಟೆಂಬರ್‌ನಲ್ಲಿ ಮೈಸೂರು ನಗರದಲ್ಲಿ ಗುಂಡಿಗೆ ಬಲಿಯಾದ ರಾಮಸ್ವಾಮಿ ಎಂಬಾತ ಒಬ್ಬ ವಿದ್ಯಾರ್ಥಿ. ಇಂದು ನೀವು ಬಸ್ಸಿನಲ್ಲಿ ದಾಟುವ ರಾಮಸ್ವಾಮಿ ವೃತ್ತ ಅವನ ಹೆಸರಿನದು.

ಸಂವಿಧಾನದ ನಂತರ

1950ರ ಜನವರಿ 26ರಂದು ವಾಕ್ ಸ್ವಾತಂತ್ರ್ಯ ಮೂಲಭೂತ ಹಕ್ಕಾಯಿತು. ಅದೇ ವರ್ಷದ ಮೇ 26ರಂದು ಸುಪ್ರೀಂ ಕೋರ್ಟು ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಒಂದು, ಮದರಾಸು ಸರ್ಕಾರ ತಡೆದಿದ್ದ ಎಡಪಂಥೀಯ ಪತ್ರಿಕೆ 'ಕ್ರಾಸ್ ರೋಡ್ಸ್' ಪರವಾಗಿ. ಇನ್ನೊಂದು, ದೆಹಲಿಯಲ್ಲಿ ಪೂರ್ವ ಸೆನ್ಸಾರಿಗೆ ಒಳಗಾಗಿದ್ದ ಬಲಪಂಥೀಯ ಪತ್ರಿಕೆ 'ಆರ್ಗನೈಸರ್' ಪರವಾಗಿ. ಪತ್ರಿಕೆಯ ಬಣ್ಣ ಯಾವುದೆಂದು ನ್ಯಾಯಾಲಯ ನೋಡಲಿಲ್ಲ. ಸರ್ಕಾರಕ್ಕೆ ಇದು ಇಕ್ಕಟ್ಟಾಯಿತು. 1951ರ ಮೊದಲ ತಿದ್ದುಪಡಿಯಲ್ಲಿ ಸಾರ್ವಜನಿಕ ಶಾಂತಿ ಮುಂತಾದ ಹೊಸ ಕಾರಣಗಳು ಸೇರಿದವು. ಜೊತೆಗೆ ನಿರ್ಬಂಧಗಳು ಸಮಂಜಸವಾಗಿರಬೇಕು ಎಂಬ ಮಾತೂ ಸೇರಿತು. ಆ ಒಂದು ಪದ ಮುಖ್ಯ. ಸಮಂಜಸವೇ ಅಲ್ಲವೇ ಎಂದು ತೀರ್ಮಾನಿಸುವವರು ನಿರ್ಬಂಧ ಹಾಕಿದ ಅಧಿಕಾರಿಯಲ್ಲ, ನ್ಯಾಯಾಧೀಶರು. 1908ರ ಮೈಸೂರಿನಲ್ಲಿ ಇಲ್ಲದಿದ್ದುದು ಇದೇ.

ಆದರೆ 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂದಾಗ ಪತ್ರಿಕೆಗಳಿಗೆ ಪೂರ್ವ ಸೆನ್ಸಾರ್ ಮರಳಿತು. ಆಗ ಕರ್ನಾಟಕದ ಮುಖ್ಯಮಂತ್ರಿ ಹುಣಸೂರಿನ ಶಾಸಕ ಡಿ. ದೇವರಾಜ ಅರಸರು. 1941ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾಗಿ, 1942ರ ಚಳವಳಿಯಲ್ಲಿ ಭಾಗವಹಿಸಿದವರು. ಉಳುವವನಿಗೆ ಭೂಮಿ ಕೊಟ್ಟ, ಹಿಂದುಳಿದವರಿಗೆ ಬಾಗಿಲು ತೆರೆದ ನಾಯಕರೆಂದು ಇಂದಿಗೂ ಜನ ನೆನೆಯುತ್ತಾರೆ. ಅದು ನ್ಯಾಯವೇ. ಅದೇ ಕಾಲದಲ್ಲಿ, ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ ಬೆಂಗಳೂರಿನ ಸೆರೆಮನೆ ಸೇರಿದ್ದರು. 1976ರಲ್ಲಿ ಬಂಧಿತರಾದ ಕಲಾವಿದೆ ಸ್ನೇಹಲತಾ ರೆಡ್ಡಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ನಾಲ್ವಡಿಯವರ ಕಾಲದಲ್ಲಿ ಕಂಡ ಪಾಠವೇ ಇಲ್ಲಿ ಮತ್ತೊಮ್ಮೆ ಕಾಣುತ್ತದೆ. ಸುಧಾರಣೆ ಬೇರೆ, ಸ್ವಾತಂತ್ರ್ಯ ಬೇರೆ. ಒಂದು ಇದೆಯೆಂದು ಇನ್ನೊಂದನ್ನು ಬಿಟ್ಟುಕೊಡುವಂತಿಲ್ಲ.

ಬಂಧಿತರು ತಮ್ಮ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದೇ? ಪ್ರಶ್ನಿಸಬಹುದು ಎಂದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂ‌ದು. ಸುಪ್ರೀಂ ಕೋರ್ಟು 1976ರ ಏಪ್ರಿಲ್ 28ರಂದು ಅದನ್ನು ಒಪ್ಪಲಿಲ್ಲ. ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆ ಬಹುಮತದ ತೀರ್ಪನ್ನು ಸುಪ್ರೀಂ ಕೋರ್ಟೇ 2017ರಲ್ಲಿ ತಳ್ಳಿಹಾಕಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತಪ್ಪು ತಿದ್ದಲು 41 ವರ್ಷ ಬೇಕಾಯಿತು. ಆದರೆ ತಿದ್ದುವ ದಾರಿ ತೆರೆದಿತ್ತು.

ನಮ್ಮ ಗುರುವೆನಿಸಿಕೊಂಡ ಬ್ರಿಟನ್ನಿನಲ್ಲೂ ಎಲ್ಲ ನೇರವಾಗಿ ಸಾಗಿಲ್ಲ. 1941ರ ಜನವರಿಯಲ್ಲಿ ಕಮ್ಯುನಿಸ್ಟರ 'ಡೈಲಿ ವರ್ಕರ್' ಪತ್ರಿಕೆಯನ್ನು ಅಲ್ಲಿನ ಗೃಹಮಂತ್ರಿ ನಿಲ್ಲಿಸಿದರು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅದು ಬರಲಿಲ್ಲ. 1988ರಿಂದ 1994ರವರೆಗೆ ಉತ್ತರ ಐರ್ಲೆಂಡಿನ ಸಿನ್ ಫೇನ್ ಮುಂತಾದ ಸಂಘಟನೆಗಳವರ ದನಿಯನ್ನು ರೇಡಿಯೋ, ಟೆಲಿವಿಷನ್ನುಗಳಲ್ಲಿ ಕೇಳಿಸುವಂತಿರಲಿಲ್ಲ. ನಮ್ಮ ವೃತ್ತಿಯ ನಿರ್ಮಾಪಕರು ಏನು ಮಾಡಿದರು ಗೊತ್ತೇ? ಮುಖ ತೋರಿಸಿದರು, ತುಟಿ ಆಡುವುದನ್ನೂ ತೋರಿಸಿದರು. ಮಾತನ್ನು ಮಾತ್ರ ನಟರಿಂದ ಹೇಳಿಸಿದರು! ನಿಷೇಧ ಎಷ್ಟು ಹಾಸ್ಯಾಸ್ಪದವಾಗಬಲ್ಲದು ಎಂದು ಇಡೀ ದೇಶ ಪ್ರತಿ ರಾತ್ರಿ ನೋಡಿತು. ಮುಂದೆ 2009ರ ಕಾನೂನಿನಿಂದ ಬ್ರಿಟನ್ ತನ್ನ ನೆಲದಲ್ಲಿ ರಾಜದ್ರೋಹದ ಅಪರಾಧವನ್ನೇ ತೆಗೆದುಹಾಕಿತು. ಅದೇ ಬ್ರಿಟನ್ 1870ರಲ್ಲಿ ಭಾರತಕ್ಕೆ ಕೊಟ್ಟ 124-ಎ ಕಲಮನ್ನು ನಮ್ಮ ಸುಪ್ರೀಂ ಕೋರ್ಟು ತಡೆಹಿಡಿದದ್ದು 2022ರಲ್ಲಿ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 152ನೆಯ ಕಲಮು ದೇಶದ ಏಕತೆಗೆ ಧಕ್ಕೆ ತರುವ ಕೃತ್ಯಗಳನ್ನು ಕುರಿತದ್ದು. ಹೊಸ ಕಲಮು ಹಳೆಯದರ ಬೇರೆ ರೂಪವೇ ಎಂಬ ಚರ್ಚೆ ನಡೆದಿದೆ.

ಕೇಳಬೇಕಾದ ಮೂರು ಪ್ರಶ್ನೆ

ಎಲ್ಲ ಮಾತಿಗೂ ಎಲ್ಲ ಕಾಲಕ್ಕೂ ತಡೆಯೇ ಇರಬಾರದು ಎಂದು ನಾನು ಹೇಳುತ್ತಿಲ್ಲ. ಸುಳ್ಳು ಹೇಳಿ ಒಬ್ಬರ ಮಾನ ಕಳೆಯುವುದು, ಜನರನ್ನು ಹೊಡೆಯಿರಿ ಎಂದು ಎತ್ತಿಕಟ್ಟುವುದು ತಪ್ಪೇ. ಪ್ರಶ್ನೆ ಇರುವುದು ತಡೆಯ ಬಗೆಯಲ್ಲಿ. ಯಾವುದೇ ಹೊಸ ನಿರ್ಬಂಧದ ಸುದ್ದಿ ಬಂದಾಗ, ಅದನ್ನು ಯಾವ ಪಕ್ಷದ ಸರ್ಕಾರ ತಂದಿರಲಿ, ನೀವು ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಇದು ಮಾತಿಗೆ ಮುಂಚೆ ಅಪ್ಪಣೆ ಕೇಳುತ್ತದೆಯೋ, ಮಾತಿನ ನಂತರ ಉತ್ತರ ಕೇಳುತ್ತದೆಯೋ? ಎರಡು, ತಪ್ಪೆಂದು ತೀರ್ಮಾನಿಸುವವರು ಯಾರು, ದೂರು ಕೊಟ್ಟ ಅಧಿಕಾರಿಯೇ, ಬೇರೆಯವರೇ? ಮೂರು, ಆ ತೀರ್ಮಾನವನ್ನು ಎಲ್ಲರ ಮುಂದೆ ಪ್ರಶ್ನಿಸಲು ಬಾಗಿಲಿದೆಯೇ?

ಈ ಪ್ರಶ್ನೆಗಳು ಕಾಗದದ ಪತ್ರಿಕೆಗೆ ಮಾತ್ರವಲ್ಲ, ನಿಮ್ಮ ಕೈಯಲ್ಲಿರುವ ಫೋನಿಗೂ ಸಲ್ಲುತ್ತವೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಎ ಕಲಮಿನ ಕೆಳಗೆ ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದವರನ್ನೂ ಬಂಧಿಸಲಾಗುತ್ತಿತ್ತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮೊದಲಿಗಳು ಶ್ರೇಯಾ ಸಿಂಘಾಲ್ ಎಂಬ ತರುಣಿ. 2015ರ ಮಾರ್ಚ್ 24ರಂದು ಆ ಕಲಮು ಬಿದ್ದುಹೋಯಿತು.

ತಾತಯ್ಯನವರು 1933ರಲ್ಲಿ ತೀರಿಕೊಂಡರು. ಮೈಸೂರು ನಗರದಲ್ಲಿ ಅವರ ಪ್ರತಿಮೆಯಿದೆ. ಕೋಟೆಯಿಂದ, ಹುಣಸೂರಿನಿಂದ, ಪಿರಿಯಾಪಟ್ಟಣದಿಂದ, ಕೆ.ಆರ್. ನಗರದಿಂದ ದಿನವೂ ಬಸ್ಸು ಹಿಡಿದು ಮೈಸೂರಿನ ಕಾಲೇಜಿಗೆ ಬರುವ ನಿಮ್ಮಲ್ಲಿ ಅನೇಕರು ಅದನ್ನು ನೋಡಿಯೇ ಇರುತ್ತೀರಿ. ಅವರು ಬರೆದ ಸಾವಿರಾರು ಪುಟಗಳ ಜೊತೆಗೆ, ಅಪ್ಪಣೆ ಕೇಳಲು ಒಪ್ಪದೆ ಅವರು ಖಾಲಿ ಬಿಟ್ಟ ಪುಟಗಳನ್ನೂ ನೆನಪಿಡಿ. ನಿಮ್ಮ ಶಾಲೆಯ ಗೋಡೆಪತ್ರಿಕೆಗೆ ಲೇಖನ ಬರೆಯುವಾಗ, ಚರ್ಚಾಸ್ಪರ್ಧೆಯಲ್ಲಿ ಎದುರು ಪಕ್ಷದವರ ಮಾತು ಕೇಳುವಾಗ ಆ ನೆನಪು ಕೆಲಸಕ್ಕೆ ಬಂದೀತು. ನಮಗೆ ಹಿಡಿಸದ ಮಾತನ್ನೂ ಪೂರ್ತಿ ಆಡಲು ಬಿಟ್ಟು, ಆಮೇಲೆ ಉತ್ತರ ಕೊಡುವ ಅಭ್ಯಾಸ ತರಗತಿಯಲ್ಲಿ ಬಂದರೆ, ಮುಂದೆ ಅದು ನಾಡಿನಲ್ಲೂ ಉಳಿಯುತ್ತದೆ.